ಅಟ್ಟದ ಮ್ಯಾಲಿನ ಮದ್ದಿನ ಡಬ್ಬಿ ಯಾರ ಪಾಲು?

ಹಬ್ಬದ ಮುಂದೆ ಅಟ್ಟ ಸ್ವಚ್ಛ ಮಾಡೋರು ಯಾರು? ನಾವು. ಅಟ್ಟದ ಮ್ಯಾಲೆ ಏನೈತಿ ಅಂತ ನಮಗೆ ಹೇಳೋರು ಯಾರು? ಯಾರೂ ಇಲ್ಲ. ಅಕ್ಕಾರೇ, ಅತ್ತಿಗೇರೇ, ಇವತ್ತಿನ ನನ್ನ ಜಗಳ ಇದೇ ನೋಡ್ರಿ.

ದಾವಣಗೆರೆ, ಹರಿಹರದಾಗಿರೋ ಎಷ್ಟೋ ಮನೆತನಗಳ ಬೇರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಹೊಲ-ತೋಟದಾಗೈತಿ. ಬೆಳೆ ಕಾಯಾಕ ಅಂತ ಲೈಸೆನ್ಸ್ ತಗೊಂಡ ಕೋವಿ ಅಜ್ಜನ ಕಾಲದಿಂದ ಬಂದಿರ್ತತಿ. ಎಲೆಕ್ಷನ್ ಬಂದ್ರೆ ಅದನ್ನ ಠಾಣೆಗೆ ಒಪ್ಪಿಸ್ತಾರೆ, ಮುಗಿದ ಮ್ಯಾಲೆ ಬಿಡಿಸ್ಕೊಂಡು ಬರ್ತಾರೆ. ಕೋವಿಗೆ ಲೆಕ್ಕ ಐತಿ, ಪುಸ್ತಕ ಐತಿ, ಆಯುಧ ಪೂಜೆ ದಿನ ಕುಂಕುಮನೂ ಐತಿ. ಅದರ ಜೊತೆಗಿದ್ದ ಮದ್ದು, ಹಳೇ ತೋಟಾ? ಅವಕ್ಕೆ ಯಾರ ಲೆಕ್ಕನೂ ಇಲ್ಲ. ಹಾರ್ಲಿಕ್ಸ್ ಬಾಟ್ಲಿಯಾಗೋ ಬಿಸ್ಕತ್ ಡಬ್ಬಿಯಾಗೋ ಬಿದ್ದಿರ್ತಾವೆ. ಊರು ಬಿಟ್ಟು ಪ್ಯಾಟಿಗೆ ಬಂದಾಗ ಹಿತ್ತಾಳೆ ಕೊಡದ ಜೊತೆ ಅವೂ ಬಂದು ಅಟ್ಟ ಹತ್ತಿದ್ವು.

ಕೇಳಿದ್ರೆ ಗಂಡಸರ ಬಾಯಿಂದ ಮೂರು ಮಾತು ಬರ್ತಾವೆ.

ಮೊದಲನೇದು, "ಅದು ಹಳೇದಾಗಿ ಸತ್ತೋಗೈತಿ ಬಿಡು." ಸುಳ್ಳು. ಮದ್ದಿನಾಗೆ ಎರಡು ಜಾತಿ. ಕೇಪಿನ ಕೋವಿಗೆ ಹಾಕೋ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲಿನದು. ಅದು ಒಣಗಿದ್ದ ಜಾಗದಾಗಿದ್ರೆ ನೂರು ವರ್ಷಕ್ಕೂ ಸಾಯಲ್ಲ. ತೇವ ಹಿಡಿದ್ರೆ ಸುಮ್ಮನಿರ್ತತಿ, ಒಣಗಿದ್ರೆ ಮತ್ತೆ ಎದ್ದು ಕೂರ್ತತಿ. ಒಂದು ಕಿಡಿ ಸಾಕು.

ಇನ್ನೊಂದು ಹೊಗೆ ಕಡಿಮೆ ಬರೋ ಮದ್ದು, ಈಗಿನ ತೋಟಾದಾಗಿರೋದು. ಅದರ ಮೂಲ ಹತ್ತಿ! ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರಿನೋರು ನಾವು, ಇದು ತಿಳಿದಿರಬೇಕು. 1846ರ ಹೊತ್ತಿಗೆ ಶೋನ್‌ಬೈನ್ ಅನ್ನೋ ವಿಜ್ಞಾನಿ ಆಸಿಡ್ಡಿನಾಗೆ ಹತ್ತಿ ನೆನೆಸಿ ಇದನ್ನ ಕಂಡುಹಿಡಿದ. ಅಡುಗೆಮನೆಯಾಗೆ ಚೆಲ್ಲಿದ ಆಸಿಡ್ಡನ್ನ ಹೆಂಡತಿಯ ಹತ್ತಿ ಏಪ್ರನ್ನಿಂದ ಒರೆಸಿ ಒಲೆ ಹತ್ರ ಒಣಗಾಕಿದಾಗ ಅದು ಭಗ್ ಅಂತು ಅನ್ನೋ ಕಥೆನೂ ಐತಿ. ಕಥೆ ನಿಜವೋ ಅಲ್ವೋ, ಏಪ್ರನ್ ಮಾತ್ರ ಹೆಂಗಸಿನದೇ, ಗಮನಿಸ್ರಿ.

ಈ ಮದ್ದು ವಯಸ್ಸಾದಂಗೆ ಒಳಗೊಳಗೇ ಕೆಡ್ತತಿ. ಬಿಸಿ, ತೇವ ಸೇರಿದ್ರೆ ಇನ್ನೂ ಬೇಗ. ಹುಳಿ ಘಾಟು ಬರ್ತತಿ, ಡಬ್ಬಿ ಒಳಗಿನಿಂದ ತುಕ್ಕು ಹಿಡೀತತಿ, ಕೆಂಪುಕಂದು ಹೊಗೆ ಇಲ್ಲಾ ಪುಡಿ ಕಾಣ್ತತಿ. ಕೆಟ್ಟ ಮದ್ದು ತನ್ನ ಶಾಖಕ್ಕೆ ತಾನೇ ಹೊತ್ತಿಕೊಳ್ಳೋದೂ ಉಂಟು. ಫ್ರಾನ್ಸಿನ ತುಲೋನ್ ಬಂದರಿನಾಗೆ 1907ರಲ್ಲಿ ಇಯೆನಾ, 1911ರಲ್ಲಿ ಲಿಬರ್ತೆ ಅನ್ನೋ ಯುದ್ಧದ ಹಡಗು ಸಿಡಿದು ನೂರಾರು ಜನ ಸತ್ತರು. ಎರಡಕ್ಕೂ ಕೆಟ್ಟ ಮದ್ದೇ ಕಾರಣ ಅಂದ್ರು. ದೊಡ್ಡ ನೌಕಾಪಡೆಗೇ ಕಾಯಾಕ ಆಗದ್ದು, ಏಪ್ರಿಲ್ ಬಿಸಿಲಾಗೆ ತಗಡಿನ ಕೆಳಗಿನ ನಮ್ಮ ಅಟ್ಟಕ್ಕೆ ಆಗ್ತತೇನ್ರಿ?

ಎರಡನೇದು, "ಒಣಗಿಸಿ ಖಾಲಿ ತೋಟಾಕ್ಕೆ ತುಂಬಿದ್ರೆ ನಡೀತತಿ." ಯಾವ ಮದ್ದು ಅಂತ ಹೆಂಗೆ ಗೊತ್ತು? ಡಬ್ಬಿ ಮ್ಯಾಲೆ ಹೆಸರಿಲ್ಲ. ಕರಿಮದ್ದಿನ ಹಳೇ ಕೋವಿಗೆ ಇನ್ನೊಂದು ಜಾತಿಯದನ್ನ ತುಂಬಿದ್ರೆ ನಳಿಗೆನೇ ಒಡೆದು ಮುಖಕ್ಕೆ ಬರ್ತತಿ. ಮ್ಯಾಲೆ ಕಾನೂನು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಾಕೆ ಬೇರೆ ಲೈಸೆನ್ಸೇ ಬೇಕು. ಕೋವಿ ಇಟ್ಕೊಳ್ಳೋ ಲೈಸೆನ್ಸ್ ಅದಕ್ಕೆ ಬರಲ್ಲ.

"ಒಂದು ಡಬ್ಬಿಯಿಂದ ಏನಾಗ್ತತಿ" ಅಂತಾರೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ರ ಹುಣಸೋಡಿನಾಗೆ ಸಿಡಿದಾಗ ಭೂಕಂಪ ಅಂದ್ಕೊಂಡು ಜನ ಹೊರಗೆ ಓಡಿದ್ದು ಮರೆತೀರೇನು? ಅದು ಕ್ವಾರಿ ಸ್ಫೋಟಕ, ಒಪ್ಪಿದೆ, ನಮ್ಮ ಡಬ್ಬಿ ಅಷ್ಟಿಲ್ಲ. ಆದ್ರೆ ಏಣಿ ಮ್ಯಾಲೆ ನಿಂತವಳ ಮುಖ ಸುಡಾಕ ಒಂದು ಹಿಡಿ ಸಾಕು.

ಮೂರನೇದು, "ಹೆಂಗಸರಿಗೆ ಇದರಾಗೇನು ತಿಳೀತತಿ." ಇದಕ್ಕೇ ನನಗೆ ಸಿಟ್ಟು. ಕೊಬ್ಬರಿ ಎಣ್ಣೆ ಕಮಟು ಬಂದಿದ್ದು ಮೂಗಿಗೇ ಗೊತ್ತಾಗ್ತತಿ ನಮಗೆ. ಹೆಸರಿಲ್ಲದ ಪುಡಿನ ಸಾರಿಗೆ ಹಾಕಲ್ಲ. ಹೊಸ ಉಪ್ಪಿನಕಾಯಿಗೆ ಹಳೇದು ಬೆರೆಸಲ್ಲ. ಸೀಮೆಎಣ್ಣೆನ ಒಲೆ ಪಕ್ಕ ಇಡಲ್ಲ. ಮದ್ದು ಕಾಯೋ ವಿದ್ಯೆನೂ ಇದೇ ಅಲ್ಲೇನ್ರಿ? ಅದರದೇ ಡಬ್ಬಿ, ಅದರ ಮ್ಯಾಲೆ ಹೆಸರು, ತಂಪು, ಒಣ ಜಾಗ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದಂಗೆ ಬೀಗ. ಗಂಡಸರು ಮರೆತಿದ್ದು ಇಷ್ಟೇ.

ಹಂದಿ, ಮಂಗ ತೋಟ ಹಾಳು ಮಾಡೋದು ನನಗೂ ಗೊತ್ತು. ಲೈಸೆನ್ಸ್ ಇದ್ದೋರು ಕೋವಿ ಇಟ್ಕೊಳ್ಳಲಿ, ಬೇಕಾದಷ್ಟು ತೋಟಾ ಅಂಗಡಿಯಿಂದ ಹೊಸದು ತರಲಿ. ಹಳೇದನ್ನ ಮಾತ್ರ ಮನೆಯಿಂದ ಕಳಿಸ್ರಿ.

ಹೆಂಗೆ? ಮುಚ್ಚಳ ತೆಗೀಬ್ಯಾಡ್ರಿ. ಬಿಸಿಲಿಗೆ ಹರವಬ್ಯಾಡ್ರಿ. ಕಸದ ಗಾಡಿಗೆ ಹಾಕಬ್ಯಾಡ್ರಿ, ಪೌರಕಾರ್ಮಿಕರ ಕೈ ಸುಟ್ಟೀತು. ಸ್ಕೂಟರ್ ಡಿಕ್ಕಿಯಾಗಿಟ್ಟು ಒಯ್ಯಬ್ಯಾಡ್ರಿ. ತುಂಗಭದ್ರೆಗೆ ಬಿಡೋ ಮಾತಂತೂ ಬ್ಯಾಡವೇ ಬ್ಯಾಡ. ಠಾಣೆಗೆ ಇಲ್ಲಾ 112ಕ್ಕೆ ತಿಳಿಸಿ, ಅವರು ಹೇಳಿದಂಗೆ ಮಾಡ್ರಿ. "ಕೇಸ್ ಆಗ್ತತಿ" ಅಂತ ಹೆದರ್ತಾರೆ. ಲೈಸೆನ್ಸ್ ಮುಗಿದಿದ್ರೆ ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರೋ ಡೀಲರಿಗೋ ಒಪ್ಪಿಸ್ರಿ ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ನೇ ಹೇಳ್ತತಿ. ಅಜ್ಜನ ಲೈಸೆನ್ಸ್ ಪುಸ್ತಕ ಹಿಡ್ಕೊಂಡು, ಬೇಕಾದ್ರೆ ಒಬ್ಬ ವಕೀಲರನ್ನ ಕರ್ಕೊಂಡು ಹೋಗ್ರಿ. ಬಚ್ಚಿಟ್ಟು ಸಿಕ್ಕಿಬೀಳೋದಕ್ಕಿಂತ ಇದು ಮೇಲು.

ಈ ಸಲ ಏಣಿ ಹಾಕೋ ಮೊದಲು ಕೇಳ್ರಿ: "ಮ್ಯಾಲೆ ಏನೈತಿ?" ಉತ್ತರ ಬರೋವರೆಗೂ ಅಟ್ಟ ಹತ್ತಬ್ಯಾಡ್ರಿ. ಧೂಳಿದ್ರೆ ಇರಲಿ, ಹಬ್ಬ ಏನೂ ನಿಲ್ಲಲ್ಲ.