ಬೊಂಬೆಗೆ ಬಣ್ಣ, ಬಣ್ಣಕ್ಕೆ ಗಡುವು

ಮೈಸೂರಿನಲ್ಲಿ ನಾನಿರುವ ಬೀದಿಯ ನಿವಾಸಿಗಳ ಸಂಘದಲ್ಲಿ ಈಚೆಗೆ ಒಂದು ಚರ್ಚೆ ಎದ್ದಿದೆ. ಬರುವ ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಿಗೆ ಹಿಂದಿನಂತೆ ಬೆಳ್ಳಿಯ ಬಟ್ಟಲನ್ನು ಬಹುಮಾನವಾಗಿ ಇಡಬೇಕೆ, ಅಥವಾ 2024ರಲ್ಲಿ ಮಾಡಿದಂತೆ ಮನೆಯಲ್ಲಿರುವ ಹಳೆಯ ಸಣ್ಣ ಬೊಂಬೆಗಳಿಗೆ ಕೈಯಾರ ಬಣ್ಣ ಹಚ್ಚುವ ಸವಾಲನ್ನು ಮತ್ತೆ ನಡೆಸಬೇಕೆ ಎಂಬುದು ಪ್ರಶ್ನೆ. ಲೋಕದ ದೊಡ್ಡ ಪ್ರಶ್ನೆಗಳ ನಡುವೆ ಇದೆಂಥ ಗೇಣಗಲದ ಪ್ರಶ್ನೆಯೆಂದು ವಾಚಕರು ನಕ್ಕಾರು. ನಗಲಿ. ಆ ಸವಾಲನ್ನು ಬೀದಿಗೆ ತಂದವನು ನಾನು. ಅದರಿಂದ ಸುಖಪಟ್ಟವರಲ್ಲಿ ನಾನೂ ಒಬ್ಬ. ಪೆಟ್ಟು ತಿಂದವನು ಮಾತ್ರ, ನಾನು ಬಲ್ಲಮಟ್ಟಿಗೆ, ನಾನೊಬ್ಬನೇ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತಾಡಲು ನನಗೆ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಬೆಳ್ಳಿಯ ಬಟ್ಟಲಿನ ಕಾಲ ಹೇಗಿತ್ತೆಂಬುದನ್ನು ಮೊದಲು ಹೇಳಬೇಕು. ತೀರ್ಪುಗಾರರು ಮನೆಗೆ ಬಂದು ಮೆಟ್ಟಿಲುಗಳನ್ನು ಎಣಿಸುತ್ತಿದ್ದರು, ಬೊಂಬೆಗಳನ್ನು ಎಣಿಸುತ್ತಿದ್ದರು, ದೀಪಗಳನ್ನು ಎಣಿಸುತ್ತಿದ್ದರು. ಎಣಿಕೆಗೆ ಸಿಕ್ಕದ ಯಾವುದನ್ನೂ ಅವರು ನೋಡಿದಂತೆ ನನಗೆ ತೋರಲಿಲ್ಲ. ಇದರ ಫಲವಾಗಿ ಮನೆಮನೆಗೂ ಹೊಸ ಬೊಂಬೆಗಳು ಬಂದವು. ಹಳೆಯವು ಪೆಟ್ಟಿಗೆಯಲ್ಲೇ ಉಳಿದುವು. ಚಂದ್ರಯಾನ-3 ಚಂದ್ರನನ್ನು ಮುಟ್ಟಿದ 2023ರಲ್ಲಂತೂ ನಮ್ಮ ಒಂದೇ ಬೀದಿಯಲ್ಲಿ ಥರ್ಮೋಕೋಲಿನ ಮೂರು ಚಂದ್ರಮಂಡಲಗಳು ಉದಯಿಸಿದುವು. ಅವುಗಳಲ್ಲೊಂದನ್ನು ಮಾಡಿದವನು ಕೂಲಿಗೆ ಬಂದ ಬಡಗಿ. ಪಟ್ಟದ ಬೊಂಬೆಯ ರಾಜರಾಣಿಯರು ಆ ಮನೆಯಲ್ಲಿ ಚಂದ್ರನ ಹಿಂಬದಿಗೆ ಸರಿದಿದ್ದರು. ನಾನು ಹೊಸದನ್ನು ಹಳಿಯುವವನಲ್ಲ. ಆದರೆ ಬೊಂಬೆಹಬ್ಬವೆಂಬುದು ಮನೆಯವರ ಕೈ ಸೋಕದ ಹಬ್ಬವಾದರೆ ಅಂಗಡಿಯ ಗಾಜಿನ ಬೀರುವಿಗೂ ನಮ್ಮ ನಡುಮನೆಗೂ ಏನು ಭೇದ?

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ರಜೆಗೆ ಬಂದ. ಅವನು ವೃತ್ತಿಯಲ್ಲಿ ಎಂಜಿನಿಯರು. ಸಂಜೆಯ ವೇಳೆ ಹೆಬ್ಬೆರಳಿನ ಗಾತ್ರದ ಯೋಧರಿಗೆ ಬಣ್ಣ ಹಚ್ಚುತ್ತಾನಂತೆ. ಆ ದೇಶದಲ್ಲಿ ಇದು ಬೆಳೆದ ಮಕ್ಕಳ, ಎಂದರೆ ಗಂಭೀರ ಗೃಹಸ್ಥರ, ಹವ್ಯಾಸ. ವಿಲಿಯಂ ಬ್ರಿಟನ್ ಎಂಬಾತನ ಮನೆತನ 1893ರಲ್ಲಿ ಒಳಗೆ ಟೊಳ್ಳಾಗಿರುವಂತೆ ಸೀಸದ ಸೈನಿಕರನ್ನು ಎರಕ ಹೊಯ್ಯುವ ಬಗೆಯನ್ನು ಕಂಡುಹಿಡಿದ ಮೇಲೆ ಅವು ಅಗ್ಗವಾಗಿ ಮನೆಮನೆಗೂ ಹರಡಿದುವು. 1913ರಲ್ಲಿ ಎಚ್. ಜಿ. ವೆಲ್ಸ್ ಅವುಗಳಿಂದ ಯುದ್ಧದ ಆಟ ಆಡುವುದಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ. ಇಂದು ಸೀಸ ಹೋಗಿ ಪ್ಲಾಸ್ಟಿಕ್ಕು ಬಂದಿದೆ. ಸಾಮಾನ್ಯವಾಗಿ ಇಪ್ಪತ್ತೆಂಟು ಮಿಲಿಮೀಟರಿನ ಆಳು. ಕೊಳ್ಳುವುದು ಸುಲಭ, ಬಣ್ಣ ಹಚ್ಚುವುದು ಕಷ್ಟ. ಆದ್ದರಿಂದ ಎಲ್ಲರ ಮನೆಯಲ್ಲೂ ಬಣ್ಣ ಕಾಣದ ಬೊಂಬೆಗಳ ಗುಡ್ಡೆ ಬಿದ್ದಿರುತ್ತದೆ. ಆ ಗುಡ್ಡೆಗೆ ಅವರು ತಮ್ಮತಮ್ಮಲ್ಲಿ ನಾಚಿಕೆಯ ಗುಡ್ಡೆಯೆಂದೇ ಹೆಸರಿಟ್ಟಿದ್ದಾರೆ. ಅದನ್ನು ಕರಗಿಸುವುದಕ್ಕಾಗಿ ಗೆಳೆಯರು ಕೂಡಿ ಚಳಿಗಾಲದಲ್ಲಿ ಸವಾಲು ಹಾಕಿಕೊಳ್ಳುವರು: ಇಂಥ ದಿನದೊಳಗೆ ಇಷ್ಟು ಬೊಂಬೆ ಮುಗಿಸುತ್ತೇನೆಂದು ಪ್ರತಿಯೊಬ್ಬನೂ ಮುಂಚಿತವಾಗಿ ಸಾರಬೇಕು. ಕೆಲವೆಡೆ ಕಾಲಾಳಿಗೆ ಕಡಿಮೆ ಅಂಕ, ಸವಾರನಿಗೆ ಹೆಚ್ಚು ಅಂಕ.

ಈ ನಾಚಿಕೆಯ ಗುಡ್ಡೆಯ ಮಾತು ನನ್ನನ್ನು ನಾಟಿತು. ನಮ್ಮ ಅಟ್ಟದ ಮೇಲೆ ನನ್ನ ತಾಯಿಯವರ ಬೊಂಬೆಪೆಟ್ಟಿಗೆ ಇತ್ತು. ಅವರು ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಪಟ್ಟದ ಬೊಂಬೆಗಳೆರಡನ್ನು ಮಾತ್ರ ಇಳಿಸಿ, ಉಳಿದವನ್ನು ಮುಂದಿನ ವರ್ಷ ಸರಿಮಾಡಿದರಾಯಿತೆಂದು ಮುಚ್ಚಿಡುತ್ತಿದ್ದೆ. ಹೀಗೆ ಏಳು ಮುಂದಿನ ವರ್ಷಗಳು ಹಿಂದೆ ಹೋಗಿದ್ದುವು.

ಕನ್ನಡ ಮೇಷ್ಟರಿಗೆ ಶಬ್ದ ಸಿಕ್ಕರೆ ಬಿಡಲಾಗದು. ನಾವು ನೆಮ್ಮದಿಯಿಂದ ಬಳಸುವ ‘ಹವ್ಯಾಸ’ ಎಂಬ ಮಾತಿಗೆ ನೆರೆಯ ಮರಾಠಿಯಲ್ಲಿ ಅತಿಯಾಸೆಯೆಂದು ಅರ್ಥ. ಬೆಳ್ಳಿಯ ಬಟ್ಟಲಿನ ವರ್ಷಗಳಲ್ಲಿ ನಮ್ಮ ಬೀದಿಯವರು ಮರಾಠಿಯ ಅರ್ಥದಲ್ಲಿಯೇ ಹವ್ಯಾಸಿಗಳಾಗಿದ್ದರು. ‘ಸವಾಲು’ ಎಂಬುದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದು ಬರಿಯ ಪ್ರಶ್ನೆ. ಎದುರಾಳಿಯನ್ನು ಕೆಡಹುವ ಮಾತಲ್ಲ, ಉತ್ತರವನ್ನು ಬೇಡುವ ಮಾತು. ಸಂಘದ ಸಭೆಯಲ್ಲಿ ನಾನು ಇದನ್ನೆಲ್ಲ ವಿವರಿಸಹೊರಟಾಗ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಆದರೂ ಸಲಹೆ ಒಪ್ಪಿಗೆಯಾಯಿತು. ಗಣೇಶನ ಚೌತಿಯಿಂದ ಮಹಾಲಯ ಅಮಾವಾಸ್ಯೆಯವರೆಗೆ 25 ದಿನಗಳ ಗಡುವು. ಬೊಂಬೆ ಮನೆಯಲ್ಲಿ ಮೊದಲೇ ಇದ್ದದ್ದಾಗಿರಬೇಕು, ಗೇಣಿಗಿಂತ ಎತ್ತರವಿರಬಾರದು, ಹಚ್ಚಿದ ಕೈ ಮನೆಯವರದೇ ಆಗಿರಬೇಕು. ಎಷ್ಟು ಮುಗಿಸುವಿರೆಂದು ಉದ್ಯಾನದ ಹಲಗೆಯ ಮೇಲೆ ಬರೆಯಬೇಕು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪರದೇಶದ ಪದ್ಧತಿಯ ಮೋಹದಲ್ಲಿ ನಾನೇ ಇನ್ನೊಂದು ನಿಯಮ ಸೇರಿಸಿದೆ: ಕಾಲಾಳಿಗೆ ಒಂದು ಅಂಕ, ಕುದುರೆಗೆ ಎರಡು, ಆನೆಗೆ ಮೂರು, ಪಟ್ಟದ ಬೊಂಬೆಗೆ ಐದು.

ಪೆಟ್ಟಿಗೆಯಲ್ಲಿ ಜಂಬೂಸವಾರಿಯ ಮಣ್ಣಿನ ಸಾಲೊಂದಿತ್ತು. ಅದರ ಒಂಬತ್ತು ಕಾಲಾಳುಗಳನ್ನು ಆರಿಸಿಕೊಂಡೆ. ಎರಡು ಬೆರಳುದ್ದದ ಆಳುಗಳು. ಒಬ್ಬನಿಗೆ ಮೂಗಿಲ್ಲ, ಇಬ್ಬರಿಗೆ ಬಣ್ಣವೇ ಇಲ್ಲ. ಶಿಷ್ಯ ಕಲಿಸಿಹೋಗಿದ್ದ ಪಾಠಗಳು ಕೆಲವಿದ್ದುವು. ಬಣ್ಣವನ್ನು ನೀರಿನಿಂದ ತೆಳುಮಾಡಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳ್ಳನೆಯ ಎರಡು ಲೇಪ ಮೇಲು. ಕುಂಚ ಸಣ್ಣದಾಗಿರಬೇಕೆಂದಿಲ್ಲ, ಅದರ ತುದಿ ಮೊನಚಾಗಿದ್ದರಾಯಿತು. ಇವು ಕೈಗೆ ಬರಲು ಎರಡು ದಿನ ಸಾಕಾಯಿತು. ಆದರೆ ಮೂರನೆಯ ಪಾಠ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಇಷ್ಟು ಸಣ್ಣ ಆಕೃತಿಯ ಮೇಲೆ ಕೋಣೆಯ ಬೆಳಕು ಸಾಕಷ್ಟು ನೆರಳನ್ನು ಬೀಳಿಸದು. ಅಂಗಿಯ ಮಡಿಕೆ ಮಡಿಕೆಯಂತೆ ಕಾಣಬೇಕಾದರೆ ನೆರಳನ್ನೂ ನಾವೇ ಬರೆಯಬೇಕು. ಕಪ್ಪುಗೂಡಿಸಿದ ನೀರುಬಣ್ಣವನ್ನು ಹರಿಯಬಿಟ್ಟರೆ ಅದು ತಗ್ಗುಗಳಲ್ಲಿ ನಿಂತು ನೆರಳಾಗುತ್ತದೆ. ಆಮೇಲೆ ಬಟ್ಟೆಗೆ ಒರಸಿ ಬಹುಮಟ್ಟಿಗೆ ಒಣಗಿಸಿದ ಕುಂಚದಲ್ಲಿ ತಿಳಿಬಣ್ಣವನ್ನು ಸವರಿದರೆ ಅದು ಉಬ್ಬುಗಳನ್ನು ಮಾತ್ರ ಹಿಡಿದು ಬೆಳಕಾಗುತ್ತದೆ. ಒಂದೇ ಕೆಂಪಿನಲ್ಲಿ ಮುದ್ದೆಯಾಗಿದ್ದ ಅಂಗಿಯಿಂದ ಆ ಕ್ಷಣದಲ್ಲಿ ಒಂದು ತೋಳು, ಒಂದು ಬೆನ್ನು, ಒಂದು ಸೊಂಟಪಟ್ಟಿ ಮೂಡಿ ಬಂದಾಗ, ರಾತ್ರಿ ಹನ್ನೊಂದು ಗಂಟೆಯಾಗಿದ್ದರೂ, ನಾನು ಮನೆಯಾಕೆಯನ್ನು ಎಬ್ಬಿಸಿ ತೋರಿಸಿದೆ. ಆಕೆ ನೋಡಿದಳು, ಮೂಗಿಲ್ಲವಲ್ಲ ಎಂದಳು. ಮರುದಿನ ತರಗತಿಯಲ್ಲಿ ಮುಕ್ತಕವೊಂದನ್ನು ಪಾಠ ಮಾಡುವಾಗ, ನಾಲ್ಕೇ ಸಾಲಿನ ಪದ್ಯಕ್ಕೆ ಹೊರಗಿನ ಕಥೆಯ ಬೆಳಕು ಬೀಳದು, ಅದರ ನೆರಳನ್ನೂ ಕವಿಯೇ ಒಳಗಿಡಬೇಕು ಎಂದು ಹೇಳಿಬಿಟ್ಟೆ. ಹುಡುಗರು ಬರೆದುಕೊಂಡರು. ಆ ಮಾತು ನನಗೆ ಬಂದದ್ದು ಮೂಗಿಲ್ಲದ ಸಿಪಾಯಿಯಿಂದ ಎಂಬುದು ಅವರಿಗೆ ತಿಳಿಯದು.

ಒಂಟಿಯಾಗಿ ಏಳು ವರ್ಷ ಆಗದ ಕೆಲಸ ಊರಮುಂದೆ ಹೆಸರು ಬರೆದಾಗ ಇಪ್ಪತ್ತು ದಿನಗಳಲ್ಲಿ ಆಯಿತು. ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ‘ಒಂಬತ್ತು’ ಎಂದಿತ್ತು; ಬೆಳಗಿನ ನಡಿಗೆಯಲ್ಲಿ ಎದುರಾದವರೆಲ್ಲ “ಎಷ್ಟಾಯಿತು ಮೇಷ್ಟ್ರೇ?” ಎನ್ನುತ್ತಿದ್ದರು. ಅಷ್ಟು ಸಾಕು. ಚಿತ್ರಕಲೆಯ ಅಧ್ಯಾಪಕರಾದ ನನ್ನ ಮಿತ್ರರು ಇದನ್ನು ಒಪ್ಪರು. ಗಡುವು ಹಾಕಿ ಮಾಡಿಸಿದ್ದು ಕಸುಬಾದೀತು, ಕಲೆಯಾಗದು ಎಂಬುದು ಅವರ ವಾದ. ಹಾಗಾದರೆ ನಮ್ಮ ಸಮಸ್ಯಾಪೂರಣವನ್ನು ಎಲ್ಲಿಡೋಣ? ಸಭೆಯ ನಡುವೆ ಒಬ್ಬ ಪೃಚ್ಛಕ ಪದ್ಯದ ಒಂದು ಪಾದವನ್ನು ಎಸೆಯುತ್ತಾನೆ. ಉಳಿದ ಪಾದಗಳನ್ನು ಛಂದಸ್ಸು ಕೆಡದಂತೆ, ಅಸಂಬದ್ಧವಾಗಿ ತೋರುವ ಆ ಪಾದಕ್ಕೆ ಅರ್ಥ ಕೂಡಿಬರುವಂತೆ, ಅವಧಾನಿ ಅಲ್ಲಿಯೇ ತುಂಬಬೇಕು. ಅದೆಲ್ಲವೂ ಮಹಾಕಾವ್ಯವೆಂದು ಯಾರೂ ಹೇಳರು. ಆದರೆ ಆ ಒತ್ತಡದಲ್ಲಿ ಹೊರಟ ಒಂದೊಂದು ಪದ್ಯ ಬಿಡುವಿನಲ್ಲಿ ಹುಟ್ಟಲಾರದಂಥದು ಎಂಬುದು ಅವಧಾನ ಕೇಳಿದವರಿಗೆಲ್ಲ ಗೊತ್ತು. ನಾವು ಮಾಡಿದ್ದು ಕಲೆಯೆಂದು ನಾನೂ ಹೇಳುತ್ತಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿನಿಂದ ಹದಮಾಡಿ ಹಗುರ ಮರಕ್ಕೆ ಮೈ ಕೊಡುವುದನ್ನು, ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ ಉಜ್ಜಾಟದ ಬಿಸಿಯಲ್ಲೇ ಬಣ್ಣ ಕರಗಿಸುವುದನ್ನು ಬಲ್ಲವರು ನಮ್ಮನ್ನು ಕಲಾವಿದರೆನ್ನಲಾರರು. ನಮಗೆ ಅದರ ಬಯಕೆಯೂ ಇಲ್ಲ.

ಅಮಾವಾಸ್ಯೆಯ ಸಂಜೆ ಉದ್ಯಾನದ ಮಂಟಪದಲ್ಲಿ ಎಲ್ಲರೂ ತಂದು ಇಟ್ಟರು. ನಿವೃತ್ತ ಬಸ್ ಚಾಲಕರೊಬ್ಬರು ಒಂದೇ ಒಂದು ಆನೆಯನ್ನು ತಂದಿದ್ದರು. ಅವರಿಗೆ ಕೈನಡುಕ. ಬೋರಲು ಹಾಕಿದ ಲೋಟದ ಮೇಲೆ ಮಣಿಕಟ್ಟನ್ನು ಊರಿ, ಉಸಿರು ಬಿಟ್ಟ ಮೇಲೆ ಮುಂದಿನ ಉಸಿರಿನವರೆಗೆ ಎಷ್ಟು ಸಾಧ್ಯವೋ ಅಷ್ಟು ಮಾತ್ರ ಹಚ್ಚುತ್ತಿದ್ದರಂತೆ. ಮುಂಗಾಲುಗಳಿಗೆ ಐದೈದು ಉಗುರು, ಹಿಂಗಾಲುಗಳಿಗೆ ನಾಲ್ಕು ನಾಲ್ಕು ಬರೆದಿದ್ದರು. ಏಕೆ ಹೀಗೆಂದು ಕೇಳಿದೆ. ಆನೆಗೆ ಹಾಗೆಯೇ ಇರುವುದು, ದಸರೆಯ ಆನೆಗಳು ಅರಮನೆಗೆ ಬಂದಾಗ ಹತ್ತಿರ ಹೋಗಿ ನೋಡಿಬಂದೆ ಎಂದರು. ಐವತ್ತು ವರ್ಷ ಜಂಬೂಸವಾರಿಯನ್ನು ನೋಡಿದ ನಾನು ಆನೆಯ ಉಗುರನ್ನು ಎಣಿಸಿದವನಲ್ಲ. ಅಯ್ಯೋ, ಐವತ್ತಲ್ಲ, ನನಗಿನ್ನೂ ನಲವತ್ತಾರು. ಆ ಸಂಜೆ ಎಲ್ಲರಿಗೂ ಸ್ವಲ್ಪ ಹೆಚ್ಚಿಗೆ ಹೇಳುವ ಚಟ ಹತ್ತಿತ್ತು. ಆ ಆನೆಗೆ ನನ್ನ ಪಟ್ಟಿಯ ಪ್ರಕಾರ ಬಂದ ಅಂಕ ಮೂರು. ಬರೆದುಕೊಳ್ಳುವಾಗ ನನಗೆ ನಾಚಿಕೆಯಾಯಿತು.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ರಾತ್ರಿ ನನ್ನ ಒಂಬತ್ತು ಆಳುಗಳು ಮುಗಿದಿದ್ದುವು. ಎದುರುಮನೆಯ ಬ್ಯಾಂಕಿನವರು ಹನ್ನೆರಡು ಅಂಕದಲ್ಲಿದ್ದಾರೆಂದು ಸುದ್ದಿ. ಪಟ್ಟದ ರಾಣಿಗೆ ಐದು ಅಂಕವೆಂದು ನಿಯಮ ಮಾಡಿದವನೇ ನಾನಲ್ಲವೆ? ನನ್ನ ತಾಯಿ ತವರಿನಿಂದ ತಂದ ಮರದ ಬೊಂಬೆ ಅದು. ಸೀರೆಯನ್ನು ಬಟ್ಟೆಯಿಂದ ಉಡಿಸುವುದರಿಂದ ಬಣ್ಣ ಬೇಕಾದ್ದು ಮುಖಕ್ಕೆ ಮಾತ್ರ. ಕಣ್ಣಿನ ಸುತ್ತ ಕಪ್ಪಗೆ ಜಿಡ್ಡು ಕಟ್ಟಿದಂತಿತ್ತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರಸಿದೆ, ಬಂದುಬಿಟ್ಟಿತು. ಎರಡನೆಯ ಕಣ್ಣನ್ನೂ ಒರಸಿದೆ. ಹತ್ತಿಯ ಮೇಲಿನ ವಾಸನೆ ಮೂಗಿಗೆ ಬಡಿದಾಗ ತಿಳಿಯಿತು: ಅದು ಜಿಡ್ಡಲ್ಲ, ಹರಳೆಣ್ಣೆಯ ಕಾಡಿಗೆ. ನನ್ನ ತಾಯಿ ಪ್ರತಿವರ್ಷ ಪಾಡ್ಯದ ಬೆಳಗ್ಗೆ, ಯಾರೊಡನೆಯೂ ಮಾತಾಡದೆ, ಕಡ್ಡಿಯ ತುದಿಯಲ್ಲಿ ರಾಣಿಯ ಕಣ್ಣನ್ನು ತಿದ್ದುತ್ತಿದ್ದರು. ವರ್ಷದ ಮೇಲೆ ವರ್ಷವಾಗಿ ಕೂತ ಆ ರೇಖೆಯಲ್ಲಿ ಎಡಗಣ್ಣು ಕೊಂಚ ಕೆಳಗೆ ವಾಲಿ, ರಾಣಿ ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದಳು. ನಾನು ಗಾಬರಿಯಿಂದ ಹೊಸ ಕಣ್ಣು ಬರೆದೆ. ಎರಡೂ ಸಮವಾಗಿ ಬಂದುವು. ಆಕೆ ಬೆಚ್ಚಿಬಿದ್ದವಳಂತೆ ನನ್ನನ್ನೇ ನೋಡುತ್ತಿದ್ದಳು. ಐದು ಅಂಕ.

ವಿಗ್ರಹಕ್ಕೆ ಕಣ್ಣು ತೆರೆಸುವುದು ನಮ್ಮ ಶಿಲ್ಪಿಗಳಲ್ಲಿ ಕಟ್ಟಕಡೆಯ ಕೆಲಸ; ಅದಕ್ಕೆ ನೇತ್ರೋನ್ಮೀಲನವೆಂಬ ಶಾಸ್ತ್ರವೇ ಇದೆ. ಇಂಗ್ಲೆಂಡಿನ ಹವ್ಯಾಸಿಗಳಲ್ಲಿ ಅನೇಕರು ಕಣ್ಣನ್ನು ಮೊಟ್ಟಮೊದಲು ಬರೆಯುತ್ತಾರಂತೆ, ತಪ್ಪಿದರೆ ಮೈಬಣ್ಣದಿಂದ ಮುಚ್ಚಿ ತಿದ್ದಬಹುದೆಂದು. ಎರಡಕ್ಕೂ ಅದರದರ ವಿವೇಕವಿದೆ. ನಡುರಾತ್ರಿ ಅಂಕಕ್ಕಾಗಿ ಒರಸಿದ ನನ್ನದಕ್ಕೆ ಯಾವ ವಿವೇಕವೂ ಇರಲಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳನ್ನು ಸಂರಕ್ಷಿಸುವವರು ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸುತ್ತಾರೆ. ಮಾಡಿದ್ದನ್ನು ಮುಂದೆ ಬೇರೊಬ್ಬರು ತೆಗೆಯಲು ಬರುವಂತೆ ಮಾಡುತ್ತಾರೆ. ಇದನ್ನು ನಾನು ಓದಿದ್ದು ಆಮೇಲೆ.

ಈಗ ಸಂಘದ ಪ್ರಶ್ನೆಗೆ ಬರುತ್ತೇನೆ. ಬೆಳ್ಳಿಯ ಬಟ್ಟಲು ಬೇಕೆನ್ನುವವರಿಗೆ ಆಭರಣದಂಗಡಿಯೊಂದರ ನೆರವು ಸಿಕ್ಕಿದೆಯಂತೆ. ಹುರುಪಿಗೆ ಬಹುಮಾನ ಬೇಕೆಂಬುದು ಅವರ ಮಾತು. ಬಟ್ಟಲಿಲ್ಲದ ವರ್ಷ ಹಲಗೆಯ ಮೇಲೆ ಮೂವತ್ತೊಂದು ಮನೆಗಳ ಹೆಸರಿತ್ತು. ಬಟ್ಟಲಿದ್ದ ವರ್ಷಗಳಲ್ಲಿ ಹನ್ನೆರಡನ್ನು ದಾಟಿರಲಿಲ್ಲ. ಗೆಲ್ಲಲಾರೆವೆಂದು ಹೊರಗುಳಿದವರೆಲ್ಲ ಮುಗಿಸಬಲ್ಲೆವೆಂದು ಒಳಗೆ ಬಂದರು. ಆದ್ದರಿಂದ ಬಟ್ಟಲು ಬೇಡ. ಅದರ ಜೊತೆಗೆ ನನ್ನ ಅಂಕಗಳೂ ಬೇಡ. ಅವು ಬೆಳ್ಳಿಯಿಲ್ಲದ ಬಟ್ಟಲೇ ಎಂಬುದನ್ನು ನಾನು ನಷ್ಟ ಅನುಭವಿಸಿ ಅರಿತಿದ್ದೇನೆ. ಹಲಗೆ ಇರಲಿ, ಗಡುವು ಇರಲಿ, ‘ಎಷ್ಟಾಯಿತು?’ ಎಂದು ಕೇಳುವ ನೆರೆಯವರಿರಲಿ. ಹಿರಿಯರು ಬರೆದ ಮುಖವನ್ನು ಮನೆಯ ಎಲ್ಲರನ್ನೂ ಕೇಳದೆ ಮುಟ್ಟಬಾರದೆಂಬ ಒಂದು ನಿಯಮವನ್ನು ಮಾತ್ರ ಸೇರಿಸಬೇಕು. ಬರುವ ಭಾನುವಾರದ ಸಭೆಯಲ್ಲಿ ಇದನ್ನು ಮಂಡಿಸುತ್ತೇನೆ. ಶಬ್ದಾರ್ಥದ ಚರ್ಚೆ ಮಾಡುವುದಿಲ್ಲವೆಂದು ಅಧ್ಯಕ್ಷರಿಗೆ ಮಾತು ಕೊಟ್ಟಿದ್ದೇನೆ.

ಪೆಟ್ಟಿಗೆಯ ತಳದಲ್ಲಿ ತಾಯಿಯವರ ಕಾಡಿಗೆಯ ಡಬ್ಬಿ ಸಿಕ್ಕಿದೆ. ನನ್ನ ಅಕ್ಕ ಚಿಕ್ಕವಳಿದ್ದಾಗ ಅವರ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದವಳು. ಎಡಗಣ್ಣು ಎಷ್ಟು ವಾಲಿತ್ತೆಂಬುದು ಚೆನ್ನಾಗಿ ನೆನಪಿದೆ ಎನ್ನುತ್ತಾಳೆ. ಮಹಾಲಯಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ರಾಣಿಯ ಮುಖಕ್ಕೆ ಮೆತ್ತನೆಯ ಬಟ್ಟೆ ಸುತ್ತಿ ಇಟ್ಟಿದ್ದೇನೆ.