ಇಳಿಯಬಲ್ಲವರ ಗೆಲುವು

ಹಾಕಿ ಎಂದೊಡನೆ ಕನ್ನಡ ವಾಚಕರ ಕಣ್ಣಮುಂದೆ ನಿಲ್ಲುವುದು ಕೊಡಗಿನ ಹಸಿರು ಮೈದಾನ. ಕೆನಡಾ ದೇಶದಲ್ಲಿಯಾದರೋ ಆ ಮಾತಿಗೆ ಅರ್ಥವೇ ಬೇರೆ. ಅಲ್ಲಿ ಹಾಕಿ ಎಂದರೆ 200 ಅಡಿ ಉದ್ದದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಣ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟುಗಳು. ಚೆಂಡಿಗೆ ಬದಲಾಗಿ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಕೆನಡಾ ಮತ್ತು ಅಮೆರಿಕಗಳ ವೃತ್ತಿಪರ ತಂಡಗಳು ನ್ಯಾಷನಲ್ ಹಾಕಿ ಲೀಗ್ ಎಂಬ ಒಕ್ಕೂಟದಲ್ಲಿ ಸೆಣಸುತ್ತವೆ. ಸ್ಟ್ಯಾನ್ಲಿ ಕಪ್ ಅವರೆಲ್ಲರ ಪರಮ ಗುರಿ. ಅಂತಹ ತಂಡವೊಂದನ್ನು ಸಮರ್ಥವಾಗಿಸುವುದು ಯಾವುದು? ಹಣವೇ, ಪ್ರತಿಭೆಯೇ, ಅದೃಷ್ಟವೇ?

ಉತ್ತರದ ಸುಳಿವು ಆಟದ ರಚನೆಯಲ್ಲಿಯೇ ಅಡಗಿದೆ. ಪಂದ್ಯಕ್ಕೆ ಸಜ್ಜಾಗುವ ತಂಡದಲ್ಲಿ 20 ಮಂದಿ ಇರುತ್ತಾರೆ. ಅಂಗಣದಲ್ಲಿ ಒಮ್ಮೆಗೆ ಆಡುವವರು ಗೋಲುರಕ್ಷಕನೂ ಸೇರಿ ಆರೇ ಮಂದಿ. ಮಿಂಚಿನ ವೇಗದ ಈ ಆಟದಲ್ಲಿ ಎಂತಹ ಬಲಶಾಲಿಗೂ ಮುಕ್ಕಾಲು ನಿಮಿಷದಲ್ಲಿ ಉಸಿರು ಕಟ್ಟುತ್ತದೆ. ಆದುದರಿಂದ ಮುನ್ನುಗ್ಗುವ ಆಟಗಾರರನ್ನು ಮೂವರು ಮೂವರಂತೆ ನಾಲ್ಕು ಪಂಕ್ತಿಗಳಾಗಿ ವಿಂಗಡಿಸಿ, ಆಟ ನಡೆಯುತ್ತಿರುವಾಗಲೇ ಒಂದಾದ ಮೇಲೊಂದು ಪಂಕ್ತಿಯನ್ನು ಇಳಿಸಿ ಏರಿಸುತ್ತಾರೆ. ನಮ್ಮ ಊಟದ ಪಂಕ್ತಿಯ ನಿಯಮವೇ ಇಲ್ಲಿಯೂ: ಉಂಡವನು ಎಲೆ ಬಿಟ್ಟೇಳದಿದ್ದರೆ ಕಾದವನಿಗೆ ಎಡೆಯಿಲ್ಲ. ಇನ್ನೊಂದು ಗೋಲು ಹೊಡೆದೇನು ಎಂಬ ಆಸೆಯಿಂದ ಅಂಗಣದಲ್ಲಿ ಉಳಿದವನ ಕಾಲು ಸೋಲುತ್ತದೆ. ಎದುರಾಳಿ ಅವನನ್ನು ದಾಟಿ ಹೋಗುತ್ತಾನೆ. ಆಸೆ ಒಬ್ಬನದು, ದಂಡ ಇಡೀ ತಂಡಕ್ಕೆ.

ಅಮೆರಿಕದ ಫ್ಲಾರಿಡಾ ಪ್ರಾಂತದ ಟ್ಯಾಂಪಾ ಬೇ ಲೈಟ್ನಿಂಗ್ ತಂಡದ ಚರಿತ್ರೆ ಈ ಮಾತಿಗೆ ಒಳ್ಳೆಯ ನಿದರ್ಶನ. 2018–19ರ ಋತುವಿನಲ್ಲಿ ಆ ತಂಡ 82 ಪಂದ್ಯಗಳಲ್ಲಿ 62ನ್ನು ಗೆದ್ದು ಅಂದಿನ ದಾಖಲೆಯನ್ನು ಸರಿಗಟ್ಟಿತು. ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರ ನಿಕಿಟಾ ಕುಚೆರೊವ್ ಅದರಲ್ಲಿಯೇ ಇದ್ದ. ಗೋಲುರಕ್ಷಕ ಆಂಡ್ರೇ ವಾಸಿಲೆವ್‌ಸ್ಕಿ ಆ ವರ್ಷದ ಶ್ರೇಷ್ಠನೆನಿಸಿದ. ಸ್ಟ್ಯಾನ್ಲಿ ಕಪ್ಪಿನ ಮೊದಲ ಸುತ್ತಿನಲ್ಲಿ ಎದುರಾದುದು ಕೊಲಂಬಸ್ ತಂಡ. ಅದುವರೆಗೆ ಅಂತಹ ಒಂದು ಸುತ್ತನ್ನೂ ಗೆದ್ದರಿಯದ ತಂಡ. ಮೊದಲ ಪಂದ್ಯದಲ್ಲಿ ಟ್ಯಾಂಪಾ ಮೂರು ಗೋಲುಗಳಿಂದ ಮುಂದಿತ್ತು. ಆದರೂ 4–3ರಿಂದ ಸೋತಿತು. ಮುಂದಿನ ಮೂರನ್ನೂ ಸೋತು, ಒಂದೇ ಒಂದು ಗೆಲುವಿಲ್ಲದೆ ಮನೆಗೆ ನಡೆಯಿತು. ಋತುವಿನ ಅಗ್ರಸ್ಥಾನಿಗೆ ಮೊದಲ ಸುತ್ತಿನಲ್ಲೇ ಇಂತಹ ಗತಿ ಒದಗುವುದು ಬಲು ಅಪರೂಪ.

ಇಂತಹ ಅಪಮಾನದ ಬೆನ್ನಲ್ಲೇ ಯಾರದಾದರೂ ತಲೆದಂಡವಾಗುವುದು ವೃತ್ತಿಪರ ಕ್ರೀಡೆಯ ರೂಢಿ. ಟ್ಯಾಂಪಾದ ಆಡಳಿತಗಾರರು ಆ ರೂಢಿಗೆ ಮಣಿಯಲಿಲ್ಲ. ತರಬೇತುದಾರ ಜಾನ್ ಕೂಪರ್ ಉಳಿದ, ತಾರೆಗಳೂ ಉಳಿದರು. ಆಮೇಲೆ 2020ರ ಫೆಬ್ರವರಿಯಲ್ಲಿ ಬೇರೆ ತಂಡಗಳಿಂದ ಬ್ಲೇಕ್ ಕೋಲ್ಮನ್ ಹಾಗೂ ಬಾರ್ಕ್ಲೇ ಗುಡ್ರೋ ಎಂಬಿಬ್ಬರನ್ನು ಕರೆತಂದರು. ಅವರಿಗಾಗಿ ಎಳೆಯ ಪ್ರತಿಭೆಗಳನ್ನು ಮೊದಲ ಸುತ್ತಿನಲ್ಲಿ ಆರಿಸಿಕೊಳ್ಳುವ ಅಮೂಲ್ಯ ಹಕ್ಕುಗಳನ್ನೇ ಬಿಟ್ಟುಕೊಟ್ಟರು. ಇಬ್ಬರೂ ಗೋಲುಗಳ ಸುರಿಮಳೆ ಕರೆಯುವವರಲ್ಲ. ಮೂಲೆಯಲ್ಲಿ ಗುದ್ದಾಡಿ ಪಕ್ಕನ್ನು ಬಿಡಿಸಿ ತರುವುದು, ಎದುರಾಳಿಯ ಹೊಡೆತಕ್ಕೆ ಮೈಯೊಡ್ಡುವುದು, ಅವನ ಶ್ರೇಷ್ಠರನ್ನು ದಣಿಸಿ ತಮ್ಮ ಶ್ರೇಷ್ಠರಿಗೆ ಬಿಡುವು ದೊರಕಿಸುವುದು ಅವರ ಕಸುಬು. ಯಾನ್ನಿ ಗೂರ್ಡ್ ಎಂಬವನೊಡನೆ ಅವರನ್ನು ಮೂರನೆಯ ಪಂಕ್ತಿಯಲ್ಲಿ ನಿಲ್ಲಿಸಿದುದು ಕೂಪರನ ಜಾಣ್ಮೆ. ಗೋಪುರಕ್ಕೆ ಚಿನ್ನದ ಕಳಶವಿತ್ತು. ಈಗ ತಳಪಾಯಕ್ಕೆ ಕಲ್ಲು ಬಿದ್ದಿತು.

2020ರ ಆಗಸ್ಟಿನಲ್ಲಿ ಮೊದಲ ಸುತ್ತಿಗೆ ಎದುರಾದುದು ಮತ್ತದೇ ಕೊಲಂಬಸ್. ಸಾಂಕ್ರಾಮಿಕದ ದೆಸೆಯಿಂದ ಪ್ರೇಕ್ಷಕರಿಲ್ಲದ ಟೊರಾಂಟೋ ಅಂಗಣ. 60 ನಿಮಿಷದ ಆಟ ಸಮನಾಗಿ, ಐದನೆಯ ಹೆಚ್ಚುವರಿ ಅವಧಿಯವರೆಗೆ ಬೆಳೆದು 150 ನಿಮಿಷವನ್ನು ದಾಟಿತು. ಅಂತಹ ಆಟದಲ್ಲಿ ಉಳಿಗಾಲವಿರುವುದು ತನ್ನ ಸರದಿ ಮುಗಿದೊಡನೆ ಇಳಿದು ಬರುವವರಿಗೆ ಮಾತ್ರ. ಕೊನೆಗೆ ಬ್ರೇಡನ್ ಪಾಯಿಂಟನ ಗೋಲಿನಿಂದ ಟ್ಯಾಂಪಾ 3–2ರಿಂದ ಗೆದ್ದಿತು. ಮುಂದೆ ಆ ಸುತ್ತೂ ಅದರದಾಯಿತು.

ಆ ಸೆಪ್ಟೆಂಬರಿನಲ್ಲಿ ಎಡ್ಮಂಟನ್ ನಗರದಲ್ಲಿ ಡಲ್ಲಾಸ್ ತಂಡದ ಎದುರು ಅಂತಿಮ ಹಣಾಹಣಿ. ಫೆಬ್ರವರಿಯಿಂದ ಆಡದಿದ್ದ ನಾಯಕ ಸ್ಟೀವನ್ ಸ್ಟಾಮ್‌ಕೋಸ್ ಮೂರನೆಯ ಪಂದ್ಯದಲ್ಲಿ ಅಂಗಣಕ್ಕೆ ಬಂದ. ಐದೇ ಸರದಿ, ಒಟ್ಟು 2 ನಿಮಿಷ 47 ಸೆಕೆಂಡು. ಅಷ್ಟರಲ್ಲಿಯೇ ಒಂದು ಗೋಲು ಹೊಡೆದ. ಬಳಿಕ ದೇಹ ಒಪ್ಪಲಿಲ್ಲ. ಬೆಂಚಿನ ಮೇಲೆ ಕುಳಿತು ಸಂಗಡಿಗರ ಆಟವನ್ನು ನೋಡಿದ. ಪಂದ್ಯ ಗೆದ್ದಿತು, ಕಪ್ ಬಂದಿತು. ನಾಯಕತ್ವವನ್ನು ಗಡಿಯಾರದಿಂದ ಅಳೆಯುವವರಿಗೆ ಈ ಐದು ಸರದಿಗಳು ಸಾಕಷ್ಟು ಉತ್ತರ.

2021ರ ಜೂನಿನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ವಿರುದ್ಧ ನಿರ್ಣಾಯಕ ಏಳನೆಯ ಪಂದ್ಯ. ದಂಡನೆಯಿಂದಾಗಿ ಟ್ಯಾಂಪಾ ಒಬ್ಬ ಆಟಗಾರನನ್ನು ಕಳೆದುಕೊಂಡು ಆಡುತ್ತಿದ್ದ ಗಳಿಗೆಯಲ್ಲಿ ಪಂದ್ಯದ ಏಕೈಕ ಗೋಲು ಬಿದ್ದಿತು. ಹೊಡೆದವನು ಕುಚೆರೊವನಲ್ಲ, ಸ್ಟಾಮ್‌ಕೋಸನಲ್ಲ. ಮೂರನೆಯ ಪಂಕ್ತಿಯ ಗೂರ್ಡ್. ಮುಂದೆ ಮಾಂಟ್ರಿಯಲ್ ತಂಡವನ್ನು ಮಣಿಸಿ ಟ್ಯಾಂಪಾ ಎರಡನೆಯ ಸಲ ಸತತವಾಗಿ ಕಪ್ ಎತ್ತಿತು.

ಆದರೆ ಲೀಗಿನ ನಿಯಮದಂತೆ ಪ್ರತಿ ತಂಡದ ಸಂಬಳದ ಮೊತ್ತಕ್ಕೂ ಒಂದು ಮಿತಿಯುಂಟು. ಆ ಬೇಸಿಗೆಯಲ್ಲಿಯೇ ಗೂರ್ಡ್ ಸಿಯಾಟಲ್‌ಗೆ, ಕೋಲ್ಮನ್ ಕ್ಯಾಲ್ಗರಿಗೆ, ಗುಡ್ರೋ ನ್ಯೂಯಾರ್ಕಿಗೆ ಹೊರಟುಹೋದರು. 2022ರಲ್ಲಿಯೂ ಟ್ಯಾಂಪಾ ಅಂತಿಮ ಸುತ್ತನ್ನು ಮುಟ್ಟಿತಾದರೂ ಕೊಲರಾಡೋ ತಂಡಕ್ಕೆ ಸೋತಿತು. ಸಮರ್ಥ ತಂಡವೆಂಬುದು ಒಮ್ಮೆ ಕಟ್ಟಿ ಬೀಗ ಹಾಕಿಡುವ ಕಣಜವಲ್ಲ; ಋತು ಋತುವಿಗೂ ಮತ್ತೆ ಉತ್ತು ಬಿತ್ತಬೇಕಾದ ಹೊಲ. ಅಲ್ಲಿ ಏರಲು ಹಾತೊರೆಯುವವರು ಎಂದೂ ಹೇರಳ. ಮುಕ್ಕಾಲು ನಿಮಿಷ ಮೈಮುರಿದು ದುಡಿದು, ಹೊಗಳಿಕೆಗೆ ಕಾಯದೆ ಇಳಿದು ಬರುವವರನ್ನು ಗುರುತಿಸಿ ಗೌರವಿಸುವ ತಂಡವೇ ಕೊನೆಯವರೆಗೆ ನಿಲ್ಲುತ್ತದೆ.