ಚಿಂದಿಯ ಬುಟ್ಟಿಗೂ ಒಂದು ಪರಿಮಾಣ

ನವರಾತ್ರಿ ಸಮೀಪಿಸುತ್ತಿದ್ದಂತೆ ಉಚ್ಚಿಲದ ಟೈಲರ್ ಅಂಗಡಿಗಳಲ್ಲಿ ಹೊಲಿಗೆಯಂತ್ರಗಳಿಗೆ ಬಿಡುವಿರುವುದಿಲ್ಲ. ಮಹಾಲಕ್ಷ್ಮೀ ದೇವಸ್ಥಾನದ ದಸರಾ ಉತ್ಸವದ ಹೊತ್ತಿಗೆ ಹೊಸ ಉಡುಪುಗಳು ಸಿದ್ಧವಾಗಬೇಕು. ಸಂಜೆ ಅಂಗಡಿ ಗುಡಿಸುವಾಗ ಚಿಂದಿಗಳ ನಡುವೆ ಬೆರಳಗಲದ ಉದ್ದನೆಯ ಪಟ್ಟಿಗಳು ಕಾಣುತ್ತವೆ. ಅವು ಥಾನಿನ ಎರಡು ಪಕ್ಕಗಳಲ್ಲಿ ಬರುವ ಗಟ್ಟಿ ಅಂಚುಗಳು. ಲಾಳಿಯೊಡನೆ ಓಡಿದ ಹೊಕ್ಕುನೂಲು ಹಾಸಿನ ಕೊನೆಯ ಎಳೆಯನ್ನು ಬಳಸಿ ಹಿಂದಿರುಗುವ ಸ್ಥಳವಾದುದರಿಂದ ಅಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ. ಆದರೆ ಒಗೆದಾಗ ಅದು ಉಳಿದ ಬಟ್ಟೆಯಂತೆ ಕುಗ್ಗದೆ ಹೊಲಿಗೆಯನ್ನು ಎಳೆಯುವುದುಂಟು. ಆದ್ದರಿಂದ ದರ್ಜಿ ಅದನ್ನು ಮೊದಲೇ ಕತ್ತರಿಸಿ ತೆಗೆಯುತ್ತಾನೆ. ಗಿರಣಿಯ ಹೆಸರು, ಬಣ್ಣಗಳ ಗುರುತಿನ ಚುಕ್ಕೆಗಳು ಮುದ್ರಿತವಾಗಿರುವುದೂ ಆ ಅಂಚಿನ ಮೇಲೆಯೇ. ಬಟ್ಟೆಯ ಅತ್ಯಂತ ಗಟ್ಟಿಯಾದ ಭಾಗ ಹೀಗೆ ಎಲ್ಲಕ್ಕಿಂತ ಮೊದಲು ಕಸವಾಗುತ್ತದೆ.

ಈ ಪಟ್ಟಿಗಳನ್ನು ಕೂಡಿಟ್ಟು, ಹಳೆಯ ಅಡಿಬಟ್ಟೆಯ ಮೇಲೆ ಒಂದರ ಪಕ್ಕ ಒಂದಿರಿಸಿ ಹೊಲಿದು ಸಣ್ಣ ಚೀಲ, ಆಸನ, ಪುಸ್ತಕದ ಹೊದಿಕೆಗಳನ್ನು ಮಾಡುವ ಗೃಹಿಣಿಯರು ಇದ್ದಾರೆ. ತುಂಡುಗಳನ್ನು ಜೋಡಿಸುವ ವಿದ್ಯೆ ಕನ್ನಡನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಕೌದಿ ಎಲ್ಲರಿಗೂ ಪರಿಚಿತ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯನ್ನು ಹೊರ ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ‘ಫೂಲ’ ಎಂಬ ಮಡಿಕೆಯ ತುಂಡುಗಳನ್ನು ಇಡದಿದ್ದರೆ ಹೊದಿಕೆ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಆದಿತೀರ್ಥಂಕರರು ಲೋಕಕ್ಕೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಆರು ವೃತ್ತಿಗಳಲ್ಲಿ ಇಂಥ ಕೈಕಸುಬಿಗೂ ಸ್ಥಾನವಿದೆ.

ವಸ್ತ್ರವೊಂದು ಸಿದ್ಧವಾಗುವಷ್ಟರಲ್ಲಿ ಎಷ್ಟು ಜೀವಗಳಿಗೆ ನೋವಾಗಿರುತ್ತದೆ! ಹತ್ತಿಯ ಹೊಲಕ್ಕೆ ಹೊಡೆದ ಕೀಟನಾಶಕ, ಬಣ್ಣದ ತೊಟ್ಟಿಯಿಂದ ಹರಿದ ನೀರು, ಗಿರಣಿಯ ಬೆಂಕಿ ಇವೆಲ್ಲ ಶಾಸ್ತ್ರವು ಉದ್ಯಮಿ ಹಿಂಸೆಯೆಂದು ಕರೆಯುವ ವರ್ಗಕ್ಕೆ ಸೇರಿದವು. ಗೃಹಸ್ಥನು ಅದನ್ನು ಸಂಪೂರ್ಣವಾಗಿ ಬಿಡಲಾರ. ಆದರೆ ಆ ಹಿಂಸೆಯಿಂದ ಬಂದ ವಸ್ತುವನ್ನು ಉಪಯೋಗಕ್ಕೇ ತಾರದೆ ಎಸೆದರೆ, ನಡೆದ ಹಿಂಸೆಗೆ ಪ್ರಯೋಜನವೆಂಬ ನೆಪವೂ ಉಳಿಯುವುದಿಲ್ಲ. ಅಷ್ಟರಮಟ್ಟಿಗೆ ಪಟ್ಟಿಯನ್ನು ಎತ್ತಿಟ್ಟುಕೊಂಡವರ ಕಾರ್ಯ ಶ್ಲಾಘ್ಯವೇ.

ಇಷ್ಟಕ್ಕೇ ತೃಪ್ತರಾದರೆ ವಿಷಯದ ಅರ್ಧ ಭಾಗ ಮಾತ್ರ ಕಂಡಂತಾಗುತ್ತದೆ. ಕೂಡಿಡುವ ಕೈಗೆ ನಿಲ್ಲಿಸುವುದು ಗೊತ್ತಿರುವುದಿಲ್ಲ. ಒಂದು ಬುಟ್ಟಿ ಎರಡಾಗುತ್ತದೆ, ಮಂಚದಡಿಯ ಪೆಟ್ಟಿಗೆ ತುಂಬುತ್ತದೆ. ಹೊಲಿದದ್ದು ಒಂದು ಮೊಳವಾದರೆ ಕೂಡಿಟ್ಟದ್ದು ನೂರು ಮೊಳ. ಎಸೆಯಲಿಲ್ಲವೆಂಬ ಸಮಾಧಾನದಲ್ಲಿ ಇದನ್ನು ಅಪರಿಗ್ರಹವೆಂದು ಭಾವಿಸುವವರಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಚಿನ್ನ, ಧಾನ್ಯಗಳ ಸಾಲಿನ ಕೊನೆಗೆ ಕುಪ್ಯವನ್ನೂ ಸೇರಿಸಿದೆ. ಕನ್ನಡನಾಡಿನ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕುಪ್ಯವನ್ನು ವಿವರಿಸುವಾಗ ಹತ್ತಿ, ರೇಷ್ಮೆ ಮೊದಲಾದವುಗಳನ್ನು ಹೆಸರಿಸುತ್ತಾರೆ. ಬಟ್ಟೆ ಹೊಸದೇ ಹಳೆಯದೇ, ಕೊಂಡದ್ದೇ ಪುಕ್ಕಟೆ ಬಂದದ್ದೇ ಎಂಬ ವಿನಾಯಿತಿ ಅಲ್ಲಿಲ್ಲ. ಪರಿಗ್ರಹದ ಬೇರು ವಸ್ತುವಿನ ಬೆಲೆಯಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿದೆ. ಅಗತ್ಯಕ್ಕಿಂತ ಹೆಚ್ಚಿನ ಉಪಭೋಗವಸ್ತುಗಳನ್ನು ಇರಿಸಿಕೊಳ್ಳುವುದನ್ನು ಅದೇ ಗ್ರಂಥವು ಅನರ್ಥದಂಡವಿರತಿ ವ್ರತದ ಅತಿಚಾರಗಳಲ್ಲಿಯೂ ಎಣಿಸಿದೆ.

ಕರಾವಳಿಯಲ್ಲಿ ಇದು ಬರಿಯ ತತ್ತ್ವದ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಪೆಟ್ಟಿಗೆಯೊಳಗಿನ ಬಟ್ಟೆ ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ, ಜಿರಳೆ ಮೊಟ್ಟೆಯಿಡುತ್ತದೆ, ಗೋಡೆಯ ಕಡೆಯಿಂದ ಗೆದ್ದಲು ಏರುತ್ತದೆ. ಆಗ ಮನೆಯವರು ಮಾಡುವುದೇನು? ಔಷಧಿ ಸಿಂಪಡಿಸುತ್ತಾರೆ, ಇಲ್ಲವೇ ಎಲ್ಲವನ್ನೂ ಅಂಗಳಕ್ಕೆ ಸುರಿದು ಬೆಂಕಿ ಹಚ್ಚುತ್ತಾರೆ. ಸಣ್ಣ ಜೀವಿಗಳು ಕಾಲಡಿಗೆ ಸಿಕ್ಕಾವೆಂದು ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸದಲ್ಲಿಯೇ ಶ್ರಾವಕರ ಮನೆಯಲ್ಲಿ ಇದು ನಡೆಯುತ್ತದೆ. ಅಹಿಂಸೆಗಾಗಿ ಎತ್ತಿಟ್ಟ ಬಟ್ಟೆ ಹಿಂಸೆಯ ಮನೆಯಾಯಿತು.

ಹೊಸ ಬಟ್ಟೆಯನ್ನೇ ಕೊಂಡು, ತುಂಡರಿಸಿ, ಮತ್ತೆ ಜೋಡಿಸಿ ಅಲಂಕಾರಕ್ಕೆ ತೂಗುಹಾಕುವ ಪದ್ಧತಿಯೂ ಈಚೆಗೆ ಬಂದಿದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ರೇಷ್ಮೆಯ ಪ್ರಶ್ನೆ ತುಸು ಕಠಿಣ. ಒಂದು ಸೀರೆಗೆ ಸಾವಿರಾರು ಗೂಡುಗಳು ಕುದಿನೀರಿಗೆ ಬೀಳುತ್ತವೆ. ಟೈಲರ್ ಎಸೆಯಲಿದ್ದ ರೇಷ್ಮೆಯ ಅಂಚನ್ನು ಎತ್ತಿಕೊಂಡರೆ ದೋಷವಿದೆಯೇ? ಸತ್ತ ಹುಳು ಮರಳಿ ಬಾರದು, ಹೊಸ ಬೇಡಿಕೆಯೂ ಹುಟ್ಟದು ಎಂಬುದು ನಿಜ. ಆದರೂ ಕೃತ, ಕಾರಿತಗಳ ಜತೆಗೆ ಅನುಮೋದನೆಯನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ, ಆ ಹೊಳಪನ್ನು ಕಂಡು ಮನಸ್ಸು ಹಿಗ್ಗುವುದನ್ನು ಗಮನಿಸದೆ ಇರಲಾಗದು. ಸಾಮಾಯಿಕದ ಆಸನಕ್ಕೂ ಶಾಸ್ತ್ರದ ಹೊದಿಕೆಗೂ ಹತ್ತಿಯ ಪಟ್ಟಿಯೇ ಸಾಕು. ನೀರು ಸೋಸುವ ಬಟ್ಟೆಗೆ ಮಾತ್ರ ಜೋಡಣೆಯ ತುಂಡು ಸಲ್ಲದು. ಹೊಲಿಗೆಯ ಮಡಿಕೆಯಲ್ಲಿ ಜೀವಿಗಳು ಸಿಕ್ಕಿಬಿದ್ದರೆ ಅವನ್ನು ಬಾವಿಯ ನೀರಿಗೆ ಮರಳಿಸುವುದು ಅಸಾಧ್ಯ. ಅದಕ್ಕೆ ದಪ್ಪನೆಯ ಅಖಂಡ ಬಟ್ಟೆಯನ್ನು ಎರಡು ಮಡಿಕೆ ಮಾಡಿಯೇ ಬಳಸಬೇಕು.

ಶಾಸ್ತ್ರದ ಹೊದಿಕೆಯೆಂದಾಗ ನೆನಪಾಗುವುದು ಮೂಡುಬಿದಿರೆ. ಅಲ್ಲಿನ ಗುರುಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದು ಬಂದವು. ಮನೆಮನೆಯ ಸ್ವಾಧ್ಯಾಯದ ಪುಸ್ತಕಕ್ಕೂ ಒಂದು ಹೊದಿಕೆ ಇರಲಿ. ಅಂಚಿನ ಪಟ್ಟಿಗಳು ಎಳೆ ಬಿಡದ ಕಾರಣ ಅದಕ್ಕೆ ಹೇಳಿ ಮಾಡಿಸಿದಂತಿವೆ. ಪುಸ್ತಕದ ಅಳತೆ ಮೊದಲು ತೆಗೆದು, ಅದಕ್ಕೆ ಬೇಕಾದಷ್ಟೇ ಪಟ್ಟಿಗಳನ್ನು ತರುವುದು ಸರಿಯಾದ ಕ್ರಮ. ಈಗಾಗಲೇ ಪೆಟ್ಟಿಗೆ ತುಂಬಿಸಿಕೊಂಡವರಿಗೆ ಭಾದ್ರಪದದ ದಶಲಕ್ಷಣ ಪರ್ವವಿದೆ. ಅದರ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಎಂಟನೆಯ ದಿನ ಪೆಟ್ಟಿಗೆ ತೆರೆದು ಹುಳುಹುಪ್ಪಟೆಗಳನ್ನು ಮೃದುವಾಗಿ ಕೊಡವಿ, ಹೊಲಿಯಬಲ್ಲ ನೆರೆಮನೆಯವರಿಗೆ ಪಟ್ಟಿಗಳನ್ನು ಹಂಚಿದರೆ ಒಂಬತ್ತನೆಯ ದಿನಕ್ಕೆ ಒಂದು ಬುಟ್ಟಿಯಷ್ಟು ಉಳಿದೀತು. ಆ ಬುಟ್ಟಿ ಖಾಲಿಯಾಗುವವರೆಗೆ ಟೈಲರ್ ಅಂಗಡಿಯಿಂದ ಬರಿಗೈಯಲ್ಲಿ ಬರಬಹುದು.